ಹಾಲಮ್ಮ ಬೈಯುವ ಗಾಡಿ

ನಾನು ಒಂದು ಪಿಕಪ್ ಗಾಡಿ. ದೂರದ ಕಾರ್ಖಾನೆಯೊಂದರಲ್ಲಿ ಹುಟ್ಟಿದೆ. ಬಿಳಿ ಬಣ್ಣ ಬಳಿಸಿಕೊಂಡು ನಿಂತಿದ್ದ ನನ್ನನ್ನು ಮೊದಲು ಕೊಂಡವನು ದಾವಣಗೆರೆಯ ಒಬ್ಬ ಸಿಮೆಂಟ್ ವ್ಯಾಪಾರಿ. ಅವನ ಸುದ್ದಿ ಬೇಡ ಬಿಡಿ. ಕತ್ತಿನ ಮಟ್ಟ ಹೇರುತ್ತಿದ್ದ, ಒಂದು ದಿನವೂ ತೊಳೆಸಿದವನಲ್ಲ. ಕೊನೆಗೆ ಮಾರಿದ. ಪುಣ್ಯಾತ್ಮ ನನಗೆ ಮಾಡಿದ ಉಪಕಾರ ಅದೊಂದೇ.

ಕೊಂಡವನು ಹರಿಹರದ ಮರುಳಪ್ಪ. ಶಾಮಿಯಾನ, ಕುರ್ಚಿ, ಅಡಿಗೆ ಪಾತ್ರೆ ಬಾಡಿಗೆಗೆ ಕೊಡುವವನು. ಮದುವೆ ಮನೆಗೂ ನಾನೇ, ಸಾವಿನ ಮನೆಗೂ ನಾನೇ. ಪಕ್ಕದಲ್ಲಿ ಯಾವಾಗಲೂ ಅವನ ಹೆಂಡತಿ ಹಾಲಮ್ಮ. ಗಿರಾಕಿಗಳ ಹತ್ತಿರ ಜಗಳ ಕಾಯುವವಳು ಅವಳೇ.

"ಮೆತ್ತಗೆ ಓಡಿಸ್ರಿ, ಹಂಡೆ ಸೊಟ್ಟ ಆದ್ರೆ ನಿಮ್ಮ ತಲೆ ಮೇಲೇ ಅನ್ನ ಬೇಯಿಸ್ತೀನಿ."

"ಬೇಯಿಸು, ಬಿಸಿಯಾಗಿ ಉಣ್ಣಾಕಾದ್ರೂ ಸಿಗ್ತೈತಿ."

ದಾರಿಯುದ್ದಕ್ಕೂ ಹೀಗೇ. ಅವರ ಮಾತು ಕೇಳುತ್ತಾ ಓಡುವುದೆಂದರೆ ನನಗೆ ಲೋಡಿನ ಭಾರವೇ ತಿಳಿಯುತ್ತಿರಲಿಲ್ಲ.

ಆದರೆ ನನಗೂ ವಯಸ್ಸಾಗಬೇಕಲ್ಲ. ಇಂಜಿನ್ನಿನೊಳಗಿನ ಬಿಸಿ ಹೊಗೆ ಹೊರಗೆ ಹೋಗಲೆಂದು ಸೈಲೆನ್ಸರ್ ಅಲ್ಲದೆ ನಮಗೊಂದು ಸಣ್ಣ ಪೈಪು ಇರುತ್ತದೆ, ಅದೇ ನಮ್ಮ ಮೂಗು ಅಂದುಕೊಳ್ಳಿ. ವಯಸ್ಸಾದಂತೆ ನನ್ನ ಉಸಿರು ನಾರತೊಡಗಿತು. ಗೇರಿನ ಬುಡದ ಸಂದಿಯಿಂದ ಒಳಗೂ ನುಗ್ಗಿತು. ಹಾಲಮ್ಮ ಸೆರಗನ್ನು ಮೂಗಿಗೆ ಒತ್ತಿಕೊಂಡೇ ಕೂರುತ್ತಿದ್ದಳು. ಒಂದು ದಿನ ಗಾಡಿ ನಿಲ್ಲಿಸಿ ವಾಂತಿ ಮಾಡಿದಳು. ಮರುಳಪ್ಪ ನೀರು ಕೊಟ್ಟು ಬೆನ್ನು ಸವರಿದ. ಮಾರನೆಯ ಬೆಳಿಗ್ಗೆ ಬಾನೆಟ್ಟು ಎತ್ತಿ, ಆ ಪೈಪಿನ ಬಾಯಿಗೆ ಹಳೆ ಪಂಚೆಯ ಚೂರು ತುರುಕಿ ತಂತಿ ಬಿಗಿದ.

"ಈಗ ನಾತ ಐತೇನು?"

"ಇಲ್ರಿ, ಆರಾಮಾತು."

ಅವಳಿಗೆ ಆರಾಮ, ನನಗೆ ಉಸಿರು ಕಟ್ಟಿತು. ದಾರಿ ಸಿಗದ ಹೊಗೆ ಒಳಗಿಂದ ಒತ್ತಿ, ಸಂದು ಇದ್ದಲ್ಲೆಲ್ಲ ಆಯಿಲ್ಲನ್ನು ಹೊರಗೆ ತಳ್ಳಿತು. ಮರುಳಪ್ಪ ನನ್ನ ಕೆಳಗೆ ರಟ್ಟು ಹಾಸಿ ಎಲ್ಲಿ ತೊಟ್ಟಿಕ್ಕುತ್ತದೆಂದು ನೋಡಿದ. ಮೇಲಿನ ಪ್ಯಾಕಿಂಗ್ ಬದಲಾಯಿಸಿದ, ಮುಂದಿನ ಸೀಲ್ ಹಾಕಿಸಿದ. ಇಲ್ಲಿ ಮುಚ್ಚಿದರೆ ಅಲ್ಲಿ ಸೋರಿತು. "ನಿನಗೆ ಏನ್ ಬಂತೋ ರೋಗ" ಎಂದು ನನ್ನ ಬಾನೆಟ್ಟು ಸವರುತ್ತಿದ್ದ. ಅಯ್ಯೋ ಮಾರಾಯ, ಮೂಗು ಬಿಡು ಅನ್ನೋಣವೆಂದರೆ ನನಗೆ ಬಾಯಿ ಎಲ್ಲಿದೆ?

ಒಂದು ಬೇಸಿಗೆಯಲ್ಲಿ ಜಗಳೂರು ಕಡೆಯಿಂದ ಫೋನು ಬಂತು. ಹಾಲಮ್ಮನ ಅವ್ವ ತೀರಿಕೊಂಡಿದ್ದಳು. "ಬಿಸಿಲು ಭಾಳ, ಹೊತ್ತು ಮುಳುಗೋದ್ರೊಳಗೆ ಮಣ್ಣು ಮಾಡಬೇಕು, ಬಂದು ಮುಖ ನೋಡು" ಎಂದಿದ್ದ ಅವಳ ಅಣ್ಣ. ಆ ಗಡಿಬಿಡಿಯಲ್ಲಿ ಆಯಿಲ್ ಯಾರು ನೋಡುತ್ತಾರೆ? ಓಡಿದೆ. ದೇವರಾಣೆ, ಕೈಲಾದಷ್ಟು ಓಡಿದೆ. ಬಿಳಿಚೋಡು ದಾಟುವಷ್ಟರಲ್ಲಿ ಆಯಿಲ್ ಇಲ್ಲವೆಂದು ಕೆಂಪು ದೀಪ ಹತ್ತಿತು. ಒಳಗೆ ಕಟಕಟ ಸದ್ದೆದ್ದಿತು. ಮರುಳಪ್ಪ ಹೆದರಿ ಆಫ್ ಮಾಡಿದ. ಹಾಲಮ್ಮ ರಸ್ತೆ ನಡುವೆ ನಿಂತು ಬಂದ ಗಾಡಿಗೆಲ್ಲ ಕೈ ಮುಗಿದಳು. ಬಹಳ ಹೊತ್ತಿನ ಮೇಲೆ ಒಂದು ಟ್ರ್ಯಾಕ್ಟರ್ ಹತ್ತಿಸಿಕೊಂಡಿತು.

ಅವರು ಮುಟ್ಟುವಾಗ ಜನ ಮಣ್ಣು ಮುಗಿಸಿ ಕೈಕಾಲು ತೊಳೆಯುತ್ತಿದ್ದರಂತೆ. ಹೆತ್ತವ್ವನ ಮುಖ ಸಿಗಲಿಲ್ಲ. ವಾಪಸು ಬಂದವಳು ಚಪ್ಪಲಿ ತೆಗೆದು ನನ್ನ ಮೂತಿಗೆ ಹೊಡೆದಳು. "ಹಾಳಾದ್ದು! ನನ್ನವ್ವನ ಮುಖ ತಪ್ಪಿಸ್ತಲ್ಲೋ!" ಎಂದು ಬಾನೆಟ್ಟಿನ ಮೇಲೇ ಬಿದ್ದು ಅತ್ತಳು. ಆಮೇಲೆ ನನ್ನನ್ನು ಹತ್ತಲಿಲ್ಲ. ಮರುಳಪ್ಪ ಒಬ್ಬನೇ ಮತ್ತೆ ಮತ್ತೆ ಆಯಿಲ್ ತುಂಬಿಸಿ ಓಡಿಸುತ್ತಿದ್ದ. ಕ್ಯಾಬಿನ್ನಿನಲ್ಲಿ ಮಾತೇ ಇರಲಿಲ್ಲ.

ಸೋರುವುದು ಎಲ್ಲಿಂದ ಎಂದು ಕಂಡುಹಿಡಿಯಲೇಬೇಕೆಂದು ಮರುಳಪ್ಪ ಹಟ ಹಿಡಿದ. ಹಳೆಯ ಗೆಳೆಯ, ಮೆಕ್ಯಾನಿಕ್ ಜಬೀವುಲ್ಲಾನನ್ನು ಮನೆಗೇ ಕರೆದ. ಜಬೀವುಲ್ಲಾ ಇಂಜಿನ್ನನ್ನು ಡೀಸೆಲ್ಲಿನಲ್ಲಿ ತೊಳೆದು ಒಣಗಿಸಿ, ಮೇಲೆ ಮುಖದ ಪೌಡರು ಉದುರಿಸಿ ಸ್ಟಾರ್ಟ್ ಮಾಡಿದ. ಆಯಿಲ್ ಎಲ್ಲಿ ಒಸರುತ್ತದೋ ಅಲ್ಲಿ ಪೌಡರು ನೆನೆದು ಗೆರೆ ಬೀಳಬೇಕು. ಒಂದು ಕಡೆಯಲ್ಲ, ಮೈಯೆಲ್ಲ ಗೆರೆ ಬಿತ್ತು. ಆಯಿಲ್ ಹಾಕುವ ಮುಚ್ಚಳ ತಿರುಗಿಸಿದ. ಬುಸ್ ಅಂದಿತು.

"ಇದರ ಉಸಿರು ಕಟ್ಟೈತಿ ಮರುಳಣ್ಣ" ಎಂದು ಪೈಪು ಹುಡುಕಿ, ತಂತಿ ಬಿಚ್ಚಿ, ಕರ್ರಗಾದ ಬಟ್ಟೆ ಎಳೆದ. "ಯಾವನೋ ತುರುಕಿದಾನೆ ನೋಡು, ಲೋಫರ್."

ಮರುಳಪ್ಪ ನನ್ನ ಚಕ್ರಕ್ಕೆ ಒರಗಿ ಕೂತುಬಿಟ್ಟ. "ಆಕಿಗೆ ವಾಂತಿ ಬರ್ತಿತ್ತು ಜಬೀ" ಎಂದ.

ಅಷ್ಟರಲ್ಲಿ ಹಾಲಮ್ಮ ಚಹಾ ತಂದಳು. "ಏನಾಗಿತ್ತಂತ್ರೀ ಇದಕ್ಕೆ?"

ಮರುಳಪ್ಪ ಬಾಯಿ ತೆರೆದ. ಜಬೀವುಲ್ಲಾ ಬಟ್ಟೆಯನ್ನು ಮುಷ್ಟಿಯಲ್ಲಿ ಮುದುರಿಕೊಂಡ. "ಮುಪ್ಪು ಅಕ್ಕಾ. ಸೀಲೆಲ್ಲ ಸತ್ತೋಗ್ಯಾವು. ಇದು ಇನ್ನ ಸುಧಾರಿಸೋದಲ್ಲ."

"ಹಂಗಾದ್ರೆ ಗುಜರಿಗೆ ಹಾಕ್ರಿ. ನನ್ನ ಕಣ್ಣ ಮುಂದೆ ಇರೋದು ಬ್ಯಾಡ" ಎಂದಳು.

ಗುಜರಿಗೆ ಹೋದ ದಿನ ನಾನು ಎಷ್ಟು ಚೆನ್ನಾಗಿ ಓಡಿದೆ ಗೊತ್ತೇ? ಒಂದು ಹನಿ ಸೋರಲಿಲ್ಲ. ಗುಜರಿಯವನು ಕೇಳಿಯೇಬಿಟ್ಟ, "ಇಂಜಿನ್ ಗಟ್ಟಿ ಐತಲ್ಲ, ಯಾಕ್ ಕೊಡ್ತೀರಿ?" "ಮನೆಗೆ ಆಗಿಬರಲಿಲ್ಲ" ಎಂದ ಮರುಳಪ್ಪ. ಹೊರಡುವಾಗ ಸ್ಟೇರಿಂಗಿಗೆ ಹಣೆ ಇಟ್ಟು ಅತ್ತ. ನನಗೂ ಸಂಕಟ. ಉಸಿರು ಈಗ ತಾನೇ ಬಂದಿತ್ತು, ಇನ್ನೂ ಓಡುವ ಆಸೆ ಇತ್ತು.

ಈಗ ಇಂಜಿನ್ ಬಿಚ್ಚಿದ್ದಾರೆ, ಚಕ್ರ ಇಲ್ಲ. ಕಾಂಪೌಂಡಿನ ಪಕ್ಕ ಬಿದ್ದಿದ್ದೇನೆ. ಈ ರಸ್ತೆಯಲ್ಲೇ ಅವರ ಹೊಸ ಗಾಡಿ ಹಂಡೆ ಹೇರಿಕೊಂಡು ಹೋಗುತ್ತದೆ. ಹಾಲಮ್ಮ ಮತ್ತೆ ಪಕ್ಕದಲ್ಲಿ ಕೂರುತ್ತಾಳೆ, ಮತ್ತೆ ಮಾತಾಡುತ್ತಾಳೆ. ನಿನ್ನೆ ಗೇಟಿನ ಮುಂದೆ ನಿಧಾನ ಮಾಡಿದರು. "ಅಗೋ, ನಮ್ಮವ್ವನ ಮುಖ ತಪ್ಪಿಸಿದ ದರಿದ್ರ" ಎಂದು ನನ್ನತ್ತ ಬೆರಳು ತೋರಿಸಿದಳು. ಮರುಳಪ್ಪ ನನ್ನನ್ನು ನೋಡಿದ. ತುಟಿ ಅಲುಗಿತು. ಎಲ್ಲಿ ಬಟ್ಟೆಯ ಸಂಗತಿ ಹೇಳಿಬಿಡುತ್ತಾನೋ, ಅವರ ಮಾತು ಮತ್ತೆ ನಿಂತುಹೋಗುತ್ತದೋ ಎಂದು ಹೆದರಿದೆ.

ಹೂಂ ಅನ್ನು ಮರುಳಪ್ಪ. ಬರೀ ಹೂಂ ಅನ್ನು.