ಕಂಪ್ಯೂಟರ್ ಮುಂದಿನ ಬೆತ್ತದ ಕುರ್ಚಿ

ನಾನೊಂದು ಬೆತ್ತದ ಕುರ್ಚಿ. ನನ್ನ ಕಾಲುಗಳನ್ನು ಮಾಡಿದವನು ಮೈಸೂರಿನ ಒಬ್ಬ ಬಡಗಿ. ಕೂರುವ ಜಾಗವನ್ನು ಹೆಣೆದವಳು ಕಣ್ಣು ಕಾಣದ ಹುಡುಗಿಯರ ವಸತಿಶಾಲೆಯೊಂದರ ಮಾದೇವಿ. ಆ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿದವರಿಗೆಲ್ಲ ಒಂದು ವರ್ಷ ಬೆತ್ತದ ಕೆಲಸ ಕಲಿಸುತ್ತಿದ್ದರು. ಮುಂದೆ ಏನಾಗಬೇಕೆಂದಿದ್ದೀಯೆ ಎಂದು ಯಾರನ್ನೂ ಕೇಳುತ್ತಿರಲಿಲ್ಲ. ಮಾದೇವಿಗೆ ಕಂಪ್ಯೂಟರ್ ಕಲಿತು ಆಫೀಸಿನಲ್ಲಿ ಕೆಲಸ ಮಾಡುವ ಆಸೆ. ನೆನೆದ ಬೆತ್ತವನ್ನು ಎಳೆದು ಬಿಗಿಯುವಾಗ ಅದನ್ನೇ ಗೊಣಗುತ್ತಿದ್ದಳು. ನನ್ನ ನೇಯ್ಗೆ ಅಷ್ಟು ಬಿಗಿಯಾದದ್ದು ಸಿಟ್ಟಿನಿಂದಲೇ ಇರಬೇಕು.

ಪರದೆಯ ಮೇಲಿನದನ್ನು ಓದಿ ಹೇಳುವ ಕಂಪ್ಯೂಟರ್ ಶಾಲೆಯಲ್ಲಿತ್ತು. ನನ್ನನ್ನು ಅದರ ಮುಂದೆಯೇ ಇಟ್ಟರು. ಅದಕ್ಕೆ ಹೂವಿನ ಬಟ್ಟೆಯ ಮುಸುಕು. ಆಯುಧಪೂಜೆಯ ಕುಂಕುಮ ಕೀಲಿಗಳ ಸಂದಿಯಲ್ಲಿ ಒಣಗಿ ಕೂತಿತ್ತು. ಹುಡುಗಿಯರು ಮುಟ್ಟಿದರೆ ಕೆಡುತ್ತದೆಂದು ಕಾರ್ಯದರ್ಶಿ ನಾಗಭೂಷಣಯ್ಯ ಕೋಣೆಗೆ ಬೀಗ ಹಾಕಿಸಿದ್ದರು. ದಾನಿಗಳು ಬಂದ ದಿನ ಮಾತ್ರ ಮುಸುಕು ತೆಗೆದು, ಒಬ್ಬ ಹುಡುಗಿಯನ್ನು ನನ್ನ ಮೇಲೆ ಕೂರಿಸಿ, ಅವಳ ಬೆರಳುಗಳನ್ನು ಕೀಲಿಗಳ ಮೇಲಿಟ್ಟು ಫೋಟೋ ತೆಗೆಸುತ್ತಿದ್ದರು. ಅತಿಥಿಗಳು ಅವಳ ತಲೆ ಸವರಿ, ಆ ಕೈಯನ್ನು ಮೆಲ್ಲಗೆ ಕರವಸ್ತ್ರದಲ್ಲಿ ಒರೆಸಿಕೊಳ್ಳುತ್ತಿದ್ದರು.

ಆಯಾ ಪುಟ್ಟತಾಯಮ್ಮ ಕಸ ಗುಡಿಸಲು ಬಂದಾಗ ಮಾದೇವಿಯನ್ನೂ ಒಳಗೆ ಕರೆದುಕೊಳ್ಳುತ್ತಿದ್ದಳು. ಸತ್ತಂತಿದ್ದ ಕಂಪ್ಯೂಟರಿನ ಮೇಲೆ ಬೆರಳಿಡಿಸಿ, "ಇದು ಎ ಕಣವ್ವ, ಪಕ್ಕದ್ದು ಎಸ್," ಎಂದು ತನಗೆ ಗೊತ್ತಿದ್ದ ಅಕ್ಷರಗಳನ್ನು ಹೇಳಿಕೊಡುತ್ತಿದ್ದಳು. ಪೊರಕೆ ಕಂಕುಳಲ್ಲೇ ಇರುತ್ತಿತ್ತು.

ಒಮ್ಮೆ ಫೋಟೋಗೆ ಮಾದೇವಿಯ ಸರದಿ ಬಂತು. ಅವಳು ಬೆರಳುಗಳನ್ನು ತಾನೇ ಸರಿಯಾಗಿ ಇಟ್ಟುಕೊಂಡು ಮೆಲ್ಲಗೆ ಹೇಳಿದಳು: "ಕರೆಂಟ್ ಹಾಕ್ಸಿ ಸಾರ್. ಶಾಲೆ ಹೆಸರು ಟೈಪ್ ಮಾಡ್ತೀನಿ."

ಕಂಪ್ಯೂಟರಿನ ವೈರು ರಬ್ಬರ್ ಬ್ಯಾಂಡ್ ಸುತ್ತಿದಂತೆಯೇ ನನ್ನ ಕಾಲ ಬಳಿ ಬಿದ್ದಿತ್ತು. ಅದರ ಪ್ಲಗ್ಗಿಗೆ ಸಿಕ್ಕಿಸಿದ ಕೆಟಲಿನಲ್ಲಿ ಅತಿಥಿಗಳ ಕಾಫಿಗೆ ನೀರು ಕಾಯುತ್ತಿತ್ತು. ಬಂದವರು ಹುಡುಗಿ ಬಲು ಚೂಟಿ ಎಂದು ನಕ್ಕು, ಅವಳ ಅಂಗೈಗೆ ಒಂದು ಲಾಡು ಇಟ್ಟು ಹೊರಟರು. ಅವರ ಕಾರು ಗೇಟು ದಾಟಿದ ಮೇಲೆ ಕಾರ್ಯದರ್ಶಿ ಅಂದರು: "ಬಾಯಿ ಜಾಸ್ತಿಯಾಯ್ತು ನಿಂಗೆ."

ವರ್ಷ ಮುಗಿಯಿತು. ಅರಿಶಿನ ಕುಂಕುಮ, ಒಂದು ಸೀರೆ, ಒಂದು ಕಂತೆ ಬೆತ್ತ ಕೊಟ್ಟು, ಇನ್ನು ನಿನ್ನ ಕಾಲ ಮೇಲೆ ನೀನು ನಿಂತೆ ಎಂದು ಭಾಷಣ ಮಾಡಿ ಅವಳನ್ನು ಕಳಿಸಿದರು. ಅವಳು ಹೆಣೆದ ಕುರ್ಚಿಯೆಂದು ನನ್ನನ್ನೂ ಜೊತೆಗೆ ಕೊಟ್ಟರು. ನಂಜನಗೂಡಿನಲ್ಲಿ ಅವಳ ಚಿಕ್ಕಮ್ಮ ನನ್ನನ್ನು ಗೋಡೆಗೆ ಒತ್ತಿ ಇಟ್ಟು, ಅವಳನ್ನು ಮೇಲೆ ಕೂರಿಸಿದಳು. ಹೊತ್ತಿಗೆ ಸರಿಯಾಗಿ ತಟ್ಟೆ ಬರುತ್ತಿತ್ತು, ಮುದ್ದೆ ಮುರಿದೇ ಬರುತ್ತಿತ್ತು. "ಅದರ ಪಾಡಿಗೆ ಅದು ಕೂತಿರ್ತದೆ," ಎಂದು ನೆರೆಯವರಿಗೆ ಹೇಳುವಾಗ ಚಿಕ್ಕಮ್ಮನ ದನಿಯಲ್ಲಿ ಹೆಮ್ಮೆಯಿತ್ತು. ಬೆತ್ತದ ಕಂತೆ ಮೂಲೆಯಲ್ಲಿ ಒಣಗಿ ಸೀಳುಬಿಟ್ಟಿತು. ನನಗೆ ನನ್ನ ಹುಟ್ಟಿನ ಮೇಲೇ ಹೇಸಿಗೆಯಾಯಿತು. ಹುಡುಗಿಯನ್ನು ಕೂರಿಸಿಡಲೆಂದೇ ಅವಳ ಕೈಯಿಂದಲೇ ನನ್ನನ್ನು ಮಾಡಿಸಿದ್ದರೇ?

ರಜದ ದಿನವೊಂದರಲ್ಲಿ ಪುಟ್ಟತಾಯಮ್ಮ ರಸಬಾಳೆ ಚಿಪ್ಪು ಹಿಡಿದು ಬಂದಳು. ಮೈಸೂರಿನಲ್ಲಿ ನಿಜವಾಗಿಯೂ ಕಂಪ್ಯೂಟರ್ ಕಲಿಸುವ ಜಾಗವೊಂದನ್ನು ಅವಳು ವಿಚಾರಿಸಿಕೊಂಡಿದ್ದಳು. ಚಿಕ್ಕಮ್ಮ ಬೆದರಿದಳು. "ದಾರೀಲಿ ಏನಾದ್ರೂ ಆದ್ರೆ ಯಾರಕ್ಕಾ ಹೊಣೆ?"

"ಕೂತಲ್ಲೇ ಏನಾಗ್ತಾ ಐತೆ, ನೋಡವ್ವ," ಎಂದಳು ಪುಟ್ಟತಾಯಮ್ಮ.

ಚಿಕ್ಕಮ್ಮ ನೋಡಿದಳು. ಮರುದಿನ ತಾನೇ ಬುತ್ತಿ ಕಟ್ಟಿದಳು. ಮೊದಮೊದಲು ಮೈಸೂರಿನವರೆಗೂ ಜೊತೆಗೆ ಹೋದಳು, ಆಮೇಲೆ ಬಸ್ ನಿಲ್ದಾಣದವರೆಗೆ, ಕೊನೆಗೆ ಬಾಗಿಲವರೆಗೆ. ಬಿಳಿ ಕೋಲಿನ ಸದ್ದು ಬೀದಿಯ ತಿರುವಿನಲ್ಲಿ ಮರೆಯಾಗುವವರೆಗೂ ಹೊಸ್ತಿಲಲ್ಲೇ ನಿಂತಿರುತ್ತಿದ್ದಳು.

ಈಗ ಮಾದೇವಿ ಆಸ್ಪತ್ರೆಯೊಂದರಲ್ಲಿ ಕಂಪ್ಯೂಟರ್ ಮುಂದೆ ಕೂತು ರೋಗಿಗಳ ಕರೆಗಳಿಗೆ ಉತ್ತರಿಸುತ್ತಾಳೆ. ಆ ಶಾಲೆಯಲ್ಲಿ ಮುಸುಕು ಇನ್ನೂ ಇದೆಯಂತೆ, ಅದರ ಮುಂದೆ ಇನ್ನೊಂದು ಬೆತ್ತದ ಕುರ್ಚಿಯೂ. ನೆನೆದರೆ ಈಗಲೂ ಮೈ ಉರಿಯುತ್ತದೆ.

ನನ್ನ ಹೆಣಿಗೆ ಜೋತುಬಿದ್ದಿದೆ. ಸಂಜೆ ಕೆಲಸದಿಂದ ಬಂದ ಮಾದೇವಿ ಕೈಚೀಲವನ್ನು ನನ್ನ ಬೆನ್ನಿಗೆ ತಗುಲಿಸಿ ನೇರ ಅಡುಗೆಮನೆಗೆ ನಡೆಯುತ್ತಾಳೆ. ನನ್ನ ಮೇಲೆ ಯಾರೂ ಕೂರುವುದಿಲ್ಲ. ಕುರ್ಚಿಗೆ ಇದಕ್ಕಿಂತ ಒಳ್ಳೆಯ ಮುಪ್ಪು ಬೇಕೇ?