ಅಣ್ಣನೂ ಜರ್ಮನಿಯ ಕುರ್ಚಿಯೂ

ನನಗೆ ಸುಂಕ ಮಾಫಿ ಬೇಕಿಲ್ಲವೆಂದು ತೀರ್ಮಾನಿಸಿದ ಡಾಕ್ಟರು ಕೆಟ್ಟವರೇನಲ್ಲ. ನಗುನಗುತ್ತಲೇ ಕೊರಳು ಕೊಯ್ಯುವವರ ಪೈಕಿ, ಅಷ್ಟೆ.

ನಾನು ಸುನಂದಾ, ಕಮತಗಿಯಲ್ಲಿ ಹೊಲಿಗೆ ಮಾಡಿ ಬದುಕುವವಳು. ಎಳವೆಯಲ್ಲೇ ಪೋಲಿಯೋ ಬಂದು ಎರಡೂ ಕಾಲು ಹೋದವು. ಅಂದಿನಿಂದ ಅಪ್ಪ, ಅಪ್ಪನ ನಂತರ ಅಣ್ಣ ಪ್ರಭುಲಿಂಗ ನನ್ನನ್ನು ಹೊತ್ತು ತಿರುಗಿದ್ದಾರೆ. ಕೈಯಿಂದ ತಳ್ಳುವ ಕುರ್ಚಿ ನಮ್ಮ ಓಣಿಯ ಕಲ್ಲುಗಳ ಮೇಲೆ ಉರುಳುವುದಿಲ್ಲ. ಅದಕ್ಕೇ ಹೊಲಿಗೆಯ ದುಡ್ಡಿನಲ್ಲಿ ಜರ್ಮನಿಯಿಂದ ಬ್ಯಾಟರಿ ಕುರ್ಚಿ ತರಿಸಿದೆ. ಅದು ಬೆಂಗಳೂರಿಗೆ ಬಂದು ಕಸ್ಟಮ್ಸ್‌ನವರ ಗೋದಾಮಿನಲ್ಲಿ ಕೂತಿತು. ಈಕೆಗೆ ಇದು ಬೇಕೇ ಬೇಕು ಎಂದು ಡಾಕ್ಟರು ಬರೆದುಕೊಟ್ಟರೆ ಸುಂಕ ಮಾಫಿ. ಇಲ್ಲದಿದ್ದರೆ ನನ್ನ ಕೈಗೆಟುಕದ ಸುಂಕ ಕಟ್ಟಬೇಕು, ಅಥವಾ ಕುರ್ಚಿ ವಾಪಸ್ಸು.

ಅಣ್ಣ ನನ್ನನ್ನು ಎತ್ತಿಕೊಂಡು ಬಾಗಲಕೋಟೆಯ ಸರಕಾರಿ ಆಸ್ಪತ್ರೆಗೆ ಬಂದು ಡಾಕ್ಟರ ಕೋಣೆಯ ಬೆಂಚಿನ ಮೇಲೆ ಕೂರಿಸಿದ. ಡಾಕ್ಟರು ಅಣ್ಣನ ತೋಳು ನೋಡಿ ಪೆನ್ನು ಮುಚ್ಚಿಟ್ಟರು.

“ಕೈಯಾಗ ಬೆಣ್ಣಿ ಇಟ್ಕೊಂಡು ತುಪ್ಪಕ್ಕ ಊರೆಲ್ಲ ಅಡ್ಡಾಡತೀಯಲ್ಲವಾ. ಇಂಥಾ ಅಣ್ಣ ಇರೂವಾಗ ಪರದೇಶದ ಕುರ್ಚಿ ಯಾಕ ಬೇಕು?”

ಅಣ್ಣ ಹಿಗ್ಗಿಹೋದ. ತಂಗಿ ತನಗೇನೂ ಭಾರವಲ್ಲ ಎಂದೂ ಹೇಳಿಬಿಟ್ಟ. ನನಗೆ ಸಿಟ್ಟು ನೆತ್ತಿಗೇರಿತು. ಪ್ರೀತಿ ಮಾಡುವ ಅಣ್ಣನ ಮೇಲೂ, ಆ ಪ್ರೀತಿಯನ್ನೇ ನೆಪ ಮಾಡಿಕೊಂಡ ಡಾಕ್ಟರ ಮೇಲೂ.

“ಅಣ್ಣಾ, ನೀ ಊರಿಗೆ ಹೋಗು,” ಎಂದೆ.

ಚೇಷ್ಟೆ ಅಂದುಕೊಂಡ. ಮತ್ತೊಮ್ಮೆ ಹೇಳಿದಾಗ ನನ್ನ ಮುಖ ನೋಡಿ ಹೊರಗೆ ಹೋದ.

ಬಾಗಿಲಲ್ಲಿ ಪಾಳಿ ಬೆಳೆಯಿತು. ಡಾಕ್ಟರು ಮುಂದಿನವರನ್ನು ಕರೆಯಬೇಕು, ನಾನು ಬೆಂಚು ಬಿಡುವಂತಿಲ್ಲ. ಸಿಪಾಯಿಗೆ ಕಣ್ಸನ್ನೆ ಮಾಡಿದರು. ಮೈಗೆ ಕೈ ಹಚ್ಚಿದರೆ ಗ್ರಹಚಾರ ಬಿಡಿಸುತ್ತೇನೆ ಎಂದೆ. ಅವನು ಹಿಂದೆ ಸರಿದ. ಊಟದ ಹೊತ್ತಾಯಿತು. ಅಣ್ಣನಿಗೆ ಫೋನು ಮಾಡಿ ಕರೆಸು ಎಂದು ಡಾಕ್ಟರು ಗದರಿದರು.

“ಕರಸೂದಿಲ್ರಿ. ಕುರ್ಚಿ ಬ್ಯಾಡ ಅಂದವ್ರು ನೀವು, ನೀವ ಹೊತ್ಕೊಂಡು ನಡೀರಿ. ಮೊದಲ ಪಾಯಖಾನಿಗೆ ಒಯ್ರಿ. ಭಾಳ ಹೊತ್ತಾತು, ತಡ್ಕೊಂಡು ಕುಂತೇನಿ.”

ಪಾಳಿಯಲ್ಲಿದ್ದವರು ಯಾರೂ ನಗಲಿಲ್ಲ. ಡಾಕ್ಟರ ಕಿವಿ ಕೆಂಪಾದವು. ತಲೆ ಎತ್ತದೆ ಬರೆದರು, ಸಹಿ ಹಾಕಿದರು, ಶಿಕ್ಕಾ ಒತ್ತಿದರು.

ಅಣ್ಣ ಊರಿಗೆ ಹೋಗಿರಲಿಲ್ಲ. ಬಾಗಿಲ ಮರೆಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ. ನನ್ನನ್ನು ಎತ್ತಿಕೊಂಡಾಗ ಅವನ ಕಣ್ಣು ತುಂಬಿದ್ದವು. ಆದರೂ ನಾನು ಆಡಿದ ಮಾತು ವಾಪಸು ತೆಗೆದುಕೊಳ್ಳಲಿಲ್ಲ.

“ನಾ ನಿನಗ ಬ್ಯಾಸರಾದ್ನೇನು?” ಎಂದ.

“ನೀ ಬ್ಯಾಸರಾಗಿಲ್ಲಣ್ಣಾ. ನೀ ಮನ್ಯಾಗ ಇರೂ ಹೊತ್ತು ನೋಡಿ ನೀರು ಕುಡಿಯೂದು ಬ್ಯಾಸರಾಗೈತಿ.”