ತಂಗಿ ತಿದ್ದಿದ ರಾಜಕುಮಾರ

“ಅಷ್ಟೇನಾ? ಇವತ್ತೂ ಹಾರಲಿಲ್ವಾ ಅವನು?” ಅಕ್ಕ ನೆಲವನ್ನು ಕೇಳಿದಳು.

ಕೇಳಿದ್ದು ತಂಗಿಯನ್ನೇ. ಆದರೆ ಕಣ್ಣಿನ ಆಪರೇಷನ್ ಆದಮೇಲೆ ಕೆಲವು ದಿನ ಹಗಲೂ ರಾತ್ರಿ ಮುಖ ಕೆಳಗೆ ಮಾಡಿಯೇ ಇರಬೇಕೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಕಣ್ಣೊಳಗೆ ತುಂಬಿದ ಗಾಳಿಯ ಗುಳ್ಳೆ ಮೇಲೇರಿ, ಕಣ್ಣಿನ ಹಿಂಬದಿಯ ಹರಿದ ಪರದೆಯನ್ನು ಒತ್ತಿ ಹಿಡಿಯಬೇಕಂತೆ. ಕತ್ತೆತ್ತಿದರೆ ಮಾಡಿದ್ದೆಲ್ಲ ನೀರುಪಾಲು. ಇನ್ನೊಂದು ಕಣ್ಣು ಮೊದಲಿನಿಂದಲೂ ಅಷ್ಟಕ್ಕಷ್ಟೆ. ನೆಲ ಕಂಡೀತೇ ಹೊರತು ಅಕ್ಷರ ಕಾಣದು. ಹಾಗಾಗಿ ಅಕ್ಕ ಮಂಚದ ಮೇಲೆ ಬೋರಲು ಮಲಗಿ, ಮಂಚದಂಚಿನಾಚೆ ನೆಲ ಕಾಣುವಂತೆ ಹಣೆಯನ್ನು ಎರಡು ದಿಂಬುಗಳ ನಡುವೆ ಊರಿಕೊಂಡಿರುತ್ತಿದ್ದಳು. ತಂಗಿ ಕೆಳಗೆ ಚಾಪೆ ಹಾಸಿ ಕೂತು ಕಾದಂಬರಿ ಓದಿ ಹೇಳುತ್ತಿದ್ದಳು. ಓದುವುದೆಂದರೆ, ತನಗೆ ಸರಿಕಂಡ ಹಾಗೆ.

ತಂಗಿಯದು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ. ಕಿವಿಯ ಹಿಂದೆ ಪೆನ್ಸಿಲ್ ಇಲ್ಲದಿದ್ದರೆ ಅವಳಿಗೆ ಮೈಮೇಲೆ ಏನೋ ಕಡಿಮೆಯಾದಂತೆ. ಕಾದಂಬರಿ ಬಂದದ್ದು ಅಕ್ಕ ಕೆಲಸ ಮಾಡುವ ಬೇಕರಿಯಿಂದ. ಅಲ್ಲಿ ಕೇಕಿನ ಮೇಲೆ ಕ್ರೀಮಿನ ಹೂವು ಬಿಡಿಸುವ ಗೆಳತಿ, “ಇದನ್ನ ಓದದಿದ್ರೆ ಜನ್ಮಾನೇ ದಂಡ” ಎಂದು ತಂದುಕೊಟ್ಟಿದ್ದಳು. ಮುಖಪುಟದಲ್ಲಿ ಚಿನ್ನದ ರೆಕ್ಕೆ. ಒಳಗೆ ಹಿಟ್ಟಿನ ಕೈಗಳು ಮುಟ್ಟಿ ಮುಟ್ಟಿ ಹಾಳೆಗಳೆಲ್ಲ ಬೆಳ್ಳಗಾಗಿದ್ದವು.

ತಂಗಿಗೆ ಮೊದಲ ಪುಟದಲ್ಲೇ ಮೈ ಉರಿಯಿತು. ಒಂದೇ ರಾತ್ರಿಯಲ್ಲಿ ಚಂದ್ರ ಎರಡು ಸಲ ಹುಟ್ಟಿದ್ದ. ರಾಜಕುಮಾರನ ಹಸಿರು ಕಣ್ಣು ಮುಂದಿನ ಅಧ್ಯಾಯದ ಹೊತ್ತಿಗೆ ನೀಲಿಯಾಗಿತ್ತು. ಹಾಳಾಗಿ ಹೋಗಲಿ ಎಂದರೆ, ಆ ರೆಕ್ಕೆಯ ಮಹಾಶಯ ದೋಣಿ ನಡೆಸುವ ಹುಡುಗಿಯೊಬ್ಬಳನ್ನು ಹೊತ್ತೊಯ್ದು ಗೋಪುರದಲ್ಲಿ ಕೂಡಿಹಾಕುತ್ತಾನೆ, ಅವಳೋ ಅವನಿಗೇ ಕರಗಿ ನೀರಾಗುತ್ತಾಳೆ! ಇದಕ್ಕೆ ಊರೆಲ್ಲ ಕಣ್ಣೀರಂತೆ. ಬರೆದವರಿಗೆ ನಾಚಿಕೆ ಇಲ್ಲ ಸರಿ, ಅಚ್ಚು ಹಾಕಿದವರಿಗಾದರೂ ಬೇಡವೇ?

ತಪ್ಪನ್ನು ನೋಡಿಯೂ ದಾಟಿ ಹೋಗುವುದು ಅವಳ ಜಾಯಮಾನವಲ್ಲ. ಬಾಯಲ್ಲೇ ತಿದ್ದತೊಡಗಿದಳು. ಮುತ್ತುಗಳು ಮಾತುಕತೆಗಳಾದವು. ಹಾರಾಟವನ್ನು ಹೊಡೆದುಹಾಕಿದಳು. ಹುಡುಗಿ ಗೋಪುರದ ಬೀಗ ಮುರಿದು ಹೊರಬಂದು ದೋಣಿಯವರ ಸಂಘ ಕಟ್ಟಿದಳು.

“ಚಪ್ಪೆ ಕಣೇ. ಎಲ್ಲರೂ ಏನೇನೋ ಹೊಗಳಿದ್ರು,” ಎಂದು ಅಕ್ಕ ನಿಟ್ಟುಸಿರು ಬಿಟ್ಟಾಗ ತಂಗಿಗೆ ಒಳಗೊಳಗೇ ಹಿಗ್ಗು.

“ನಾನು ಮೊದಲೇ ಹೇಳಿರಲಿಲ್ವಾ? ಬರೀ ಸದ್ದು.”

ಆ ಮಧ್ಯಾಹ್ನ ಕೇಕಿನ ಗೆಳತಿ ಅಕ್ಕನನ್ನು ನೋಡಲು ಬಂದಳು. ಬಂದವಳೇ ಮಂಚದ ಪಕ್ಕ ಕುಕ್ಕರಗಾಲಲ್ಲಿ ಕೂತು, “ಎಲ್ಲೀವರೆಗೆ ಬಂತು? ಗೋಪುರದಿಂದ ಅವಳನ್ನ ಎತ್ಕೊಂಡು ಮೋಡದೊಳಗೆ ಹಾರ್ತಾನಲ್ಲ, ಅದಾಯ್ತಾ? ನಾನಂತೂ ಓವನ್ನಲ್ಲಿದ್ದ ಬ್ರೆಡ್ ಸೀಯಿಸಿಬಿಟ್ಟೆ!” ಎಂದಳು.

“ಎಲ್ಲಿ ಹಾರ್ತಾನೆ? ಸಂಘದ ಸಭೆಗೆ ಬಂದು ಹಿಂದಿನ ಸಾಲಲ್ಲಿ ಕೂತಿದಾನೆ,” ಎಂದಳು ಅಕ್ಕ.

“ಸಂಘಾನಾ? ಯಾವ ಸಂಘ?”

ಗೆಳತಿ ತಂಗಿಯ ಮುಖ ನೋಡಿದಳು, ಚೀಲ ಎತ್ತಿಕೊಂಡು ಹೊರಟಳು.

“ಎಲ್ಲಿಂದ ತಿದ್ದೋಕೆ ಶುರು ಮಾಡಿದೆ?” ಎಂದಳು ಅಕ್ಕ.

“ನೀನೇ ಚಪ್ಪೆ ಅಂದೆಯಲ್ಲಕ್ಕಾ...”

“ಚಪ್ಪೆ ಅಂದಿದ್ದು ನಿನ್ನ ಕತೆಗೆ!”

“ಅದರಲ್ಲೇನಿದೆ ಅಂತ ಓದಲಿ? ಹೊತ್ಕೊಂಡು ಹೋದವನನ್ನೇ ಪ್ರೀತಿಸ್ತಾಳೆ. ಓದೋರ ಬುದ್ಧಿಗೇ ಅವಮಾನ ಅದು.”

“ನನ್ನ ಬುದ್ಧಿ ನಾನು ನೋಡ್ಕೋತೀನಿ! ಮನುಷ್ಯರಿಗೆ ರೆಕ್ಕೆ ಬರಲ್ಲ ಅಂತ ನನಗೆ ಗೊತ್ತಿಲ್ವಾ? ಹೊತ್ಕೊಂಡು ಹೋಗೋನು ಒಳ್ಳೆಯವನಲ್ಲ ಅಂತ ಗೊತ್ತಿಲ್ವಾ? ದಿನಾ ಬೆಂಕಿ ಮುಂದೆ ನಿಂತು ದುಡಿದವಳು ಕಣೇ ನಾನು. ಕಣ್ಣು ಉಳಿಯುತ್ತೋ ಇಲ್ವೋ ಅಂತ ಜೀವ ಕೈಲಿ ಹಿಡ್ಕೊಂಡು ಬೋರಲು ಬಿದ್ದಿದೀನಿ. ಈ ನೆಲದ ಬಿರುಕೆಲ್ಲ ಬಾಯಿಪಾಠ ಆಗಿದೆ. ಒಂದು ಸಲ ಮೋಡ ನೋಡ್ಕೊಂಡು ಬರೋಣ ಅಂದ್ರೆ, ಅಲ್ಲೂ ನನ್ನನ್ನ ಮೀಟಿಂಗಿಗೆ ಕೂರಿಸಿದೆಯಲ್ಲೇ!”

ಸಿಟ್ಟಿನ ಭರದಲ್ಲಿ ಅಕ್ಕನ ತಲೆ ದಿಂಬಿನಿಂದ ಮೇಲೆದ್ದಿತು.

“ಕತ್ತೆತ್ತಬೇಡ!” ತಂಗಿ ಚೀರುತ್ತ ಎರಡೂ ಕೈಗಳಿಂದ ಅವಳ ತಲೆ ಹಿಡಿದು ಮೆಲ್ಲಗೆ ಕೆಳಗಿಟ್ಟಳು. ಅಕ್ಕ ಅಳಬಾರದೆಂದು ಹಲ್ಲು ಕಚ್ಚಿಕೊಂಡಿದ್ದಳು. ಕಣ್ಣೀರಿನಿಂದ ಕಣ್ಣಿಗೆ ಏನಾದರೂ ಆದೀತೆಂಬ ಭಯ. ತಂಗಿಗೆ ಪುಸ್ತಕದ ಮೇಲಿನ ಕೋಪ ಹಾಗೆಯೇ ಇತ್ತು. ಅದಕ್ಕಿಂತ ಹೆಚ್ಚಿನ ಕೋಪ ಈಗ ತನ್ನ ಮೇಲೇ ಬಂತು.

ಸ್ವಲ್ಪ ಹೊತ್ತಾದ ಮೇಲೆ ಅಕ್ಕನ ಕೈ ಮಂಚದಿಂದ ಕೆಳಗಿಳಿದು ಅಂಗೈ ಚಾಚಿತು.

“ಪೆನ್ಸಿಲ್ ಕೊಡು.”

ತಂಗಿ ಕಿವಿಯ ಹಿಂದಿನಿಂದ ತೆಗೆದು ಕೊಟ್ಟಳು. ಅಕ್ಕ ಅದನ್ನು ದಿಂಬಿನಡಿ ತುರುಕಿದಳು.

“ಹೂಂ. ಮೊದಲಿಂದ ಓದು. ಇರೋ ಹಾಗೆ.”

ಚಂದ್ರ ಎರಡು ಸಲ ಹುಟ್ಟಿದ. ಹಸಿರು ಕಣ್ಣು ನೀಲಿಯಾಯಿತು. ತಂಗಿಯ ಕೈ ತಾನಾಗಿಯೇ ಕಿವಿಯ ಹಿಂದೆ ಹೋಗಿ ಬರಿದೇ ವಾಪಸಾಯಿತು. ಅವಳು ದನಿ ತಗ್ಗಿಸದೆ, ಮುತ್ತುಗಳನ್ನೂ ಬಿಡದೆ, ಮುಖ ಕಿವುಚಿಕೊಂಡೇ ಓದಿದಳು. ಕಿಟಕಿಯ ಬಿಸಿಲು ಗೋಡೆ ಬಿಟ್ಟು ಹೋಗುವ ಹೊತ್ತಿಗೆ ಗೋಪುರ ಬಂತು. ರಾಜಕುಮಾರ ಹುಡುಗಿಯನ್ನು ಎತ್ತಿಕೊಂಡ, ಕಟ್ಟೆಯ ಅಂಚಿಗೆ ಬಂದ, ರೆಕ್ಕೆ ಬಿಚ್ಚಿದ.

ಪುಟ ಮಗುಚುವಾಗ ತಂಗಿ ತಲೆಯೆತ್ತಿದಳು. ಅಕ್ಕನ ಹಣೆ ದಿಂಬುಗಳ ನಡುವೆ ಅಲುಗದೆ ಇತ್ತು. ಮಂಚದ ಆ ತುದಿಯಲ್ಲಿ ಅವಳ ಎರಡು ಪಾದಗಳು ಮಾತ್ರ ಹಾಸಿಗೆ ಬಿಟ್ಟು ಮೆಲ್ಲಗೆ ಮೇಲೇಳುತ್ತಿದ್ದವು.